ಮೀಸೆ ಮೀನಿಗೆ ನಾವೇ ಬೀಗರು

ಅದಕ್ಕೊಂದು ಹೆಸರಿದೆ. ಫೆರ... ಫರೋ... ನಾಲಿಗೆಯ ತುದಿಯಲ್ಲೇ ಇದೆ, ಹೊರಗೆ ಬರುತ್ತಿಲ್ಲ. ಮೊಮ್ಮಗಳು ದಿನಾ ಹೇಳಿಕೊಡುತ್ತಾಳೆ. ನನ್ನ ಬಾಯಿಗೆ ಬರುವಷ್ಟರಲ್ಲಿ ಅದು ಫರ್ಮಾನು ಆಗಿರುತ್ತದೆ. ಇರಲಿ, ಸದ್ಯ ಫರ್ಮಾನು ಎಂದೇ ಇಟ್ಟುಕೊಳ್ಳೋಣ. ಮೀನು ಸಾಕಿದ ಮನೆಯಲ್ಲಿ ನಗುವಂಥದ್ದು ಏನಾದರೂ ಒಂದು ನಡೆಯುತ್ತಲೇ ಇರುತ್ತದೆ. ಒಂದನ್ನು ಹೇಳಿ ಮುಗಿಸುವುದರೊಳಗೆ ಇನ್ನೊಂದು ಆಗಿರುತ್ತದೆ.

ನಾನು ಹುಟ್ಟಿದ್ದು ಕಲಬುರಗಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಗತಿಯಿರಲಿಲ್ಲ, ಇನ್ನು ಮೀನೆಲ್ಲಿ ಬರಬೇಕು? ಮೇಲಾಗಿ ನಮ್ಮದು ಲಿಂಗ ಕಟ್ಟಿದ ಮನೆ. ಮೀನಿನ ಹೆಸರನ್ನು ಊಟದ ಹೊತ್ತಿನಲ್ಲಿ ಎತ್ತುವಂತಿರಲಿಲ್ಲ. ಈಗ ಜೆ.ಪಿ. ನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು, ಅಳಿಯ, ಮೊಮ್ಮಗಳು, ನಾನು. ಬೇರೆಯವರ ಹಾಲಿನಲ್ಲಿ ಶೋಕೇಸು ಇರುವ ಜಾಗದಲ್ಲಿ ನಮ್ಮ ಹಾಲಿನಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಹೆಬ್ಬೆರಳುದ್ದದ ಮೀಸೆ ಮೀನುಗಳು. ಯಾವುದೋ ದೂರದೇಶದ ಹೊಳೆಯವು.

ಮೊಮ್ಮಗಳು ಓದುತ್ತಿರುವುದು ಇವುಗಳನ್ನೇ. ನೀರು ತಣ್ಣಗಾದರೆ, ಮಳೆ ಬಂದರೆ, ಬೆಳಕು ಹೆಚ್ಚುಕಡಿಮೆಯಾದರೆ, ಹೊಟ್ಟೆ ತುಂಬಿದರೆ ಮೀನಿನ ಮೈಯಲ್ಲಿ ಏನೇನೋ ರಸ ಉಕ್ಕುತ್ತವಂತೆ. ಆಮೇಲೆಯೇ ಅವುಗಳಿಗೆ ಸಂಸಾರದ ಮನಸ್ಸು ಬರುವುದಂತೆ. ಕಾಲೇಜಿನ ಲ್ಯಾಬು ರಿಪೇರಿಗೆ ಬಿದ್ದಿದ್ದರಿಂದ ತೊಟ್ಟಿ ಮನೆಗೆ ಬಂತು. ಅವಳ ಗೈಡ್ ಸಾರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ದೀಪಾವಳಿಯೊಳಗೆ ಮೊಟ್ಟೆ ತೋರಿಸಮ್ಮ. ಇಲ್ಲಾಂದ್ರೆ ವಿಷಯ ಬದಲಾಯಿಸಿ ಮೊದಲಿಂದ ಶುರು ಮಾಡು."

ಹೀಗೆ ನಮ್ಮ ಹುಡುಗಿಯ ಒಂದು ವರ್ಷದ ಓದು ಮೀಸೆ ಮೀನಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು.

ಫರ್ಮಾನು

ಮೊದಲು ಆ ಮಾತಿನ ವಿಷಯ ಮುಗಿಸುತ್ತೇನೆ. ಒಂದು ಭಾನುವಾರ ಮೊಮ್ಮಗಳು ತೊಟ್ಟಿಯ ಮುಂದೆ ಕೂತು ನನಗೆ ಪಾಠ ಮಾಡುತ್ತಿದ್ದಳು.

"ಅಜ್ಜಿ, ಹೆಣ್ಣು ಮೀನು ರೆಡಿಯಾದಾಗ ನೀರಲ್ಲಿ ಒಂಥರಾ ವಾಸನೆ ಬಿಡುತ್ತೆ. ನಮ್ಮ ಮೂಗಿಗೆ ಗೊತ್ತಾಗಲ್ಲ. ಗಂಡು ಮೀನಿಗೆ ಗೊತ್ತಾಗುತ್ತೆ. ಎಲ್ಲಿದ್ದರೂ ಬಂದುಬಿಡುತ್ತೆ." ಆ ವಾಸನೆಯ ಹೆಸರನ್ನೂ ಹೇಳಿದಳು.

"ಫರ್ಮಾನು?" ಎಂದೆ.

"ಫರ್ಮಾನು ಅಂದ್ರೇನು?"

"ನಿಜಾಮರ ಕಾಲದಾಗ ಹೈದರಾಬಾದಿನಿಂದ ಬರ್ತಿತ್ತಲ್ಲವಾ, ಹುಕುಂ. ಫರ್ಮಾನು ಬಂತಂದ್ರ ಮುಗೀತು. ಯಾಕ ಅನ್ನಾಂಗಿಲ್ಲ, ಏನ ಅನ್ನಾಂಗಿಲ್ಲ. ಎದ್ದು ಹೋಗೋದೇ."

"ಅದಲ್ಲ ಅಜ್ಜಿ, ಇದು ಬರೀ ಕೆಮಿಕಲ್ಲು. ಮೆದುಳು ಯೋಚನೆ ಮಾಡೋಕೆ ಮುಂಚೆ ಮೈ ಹೊರಟುಬಿಡುತ್ತೆ."

ಅಷ್ಟರಲ್ಲಿ ಅಡುಗೆಮನೆಯಿಂದ ಇಂಗು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಸೋಫಾದ ಮೇಲೆ ಪೇಪರಿನಲ್ಲಿ ಮುಖ ಹುದುಗಿಸಿದ್ದ ಅಳಿಯ ಪೇಪರನ್ನು ಕೆಳಗಿಟ್ಟ. ಯಾರೂ ಕರೆದಿರಲಿಲ್ಲ. ಎದ್ದ, ಮೂಗು ಮುಂದೆ ಮಾಡಿಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದ.

ಮೊಮ್ಮಗಳು ನನ್ನ ಮುಖ ನೋಡಿದಳು. "ಸರಿ ಅಜ್ಜಿ, ಫರ್ಮಾನು ಅಂತಲೇ ಇಟ್ಕೋ" ಎಂದಳು.

ಸಸ್ಯಾಹಾರಿಗಳಿಗೆ ಮಾತ್ರ

ನಮ್ಮ ಮನೆಯ ಮಾಲೀಕರು ಕೆಳಗಿನ ಮನೆಯಲ್ಲಿದ್ದಾರೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಆದರೂ ನಾನೂ ಅವರನ್ನು ಓನರ್ ಆಂಟಿ ಎಂದೇ ಕರೆಯುತ್ತೇನೆ. ಬೆಂಗಳೂರಿನಲ್ಲಿ ಆಂಟಿ ಎಂದರೆ ವಯಸ್ಸಲ್ಲ, ಹುದ್ದೆ. ಅವರು ಮನೆ ಬಾಡಿಗೆಗೆ ಕೊಡುವಾಗ ಗೇಟಿಗೆ ತೂಗುಹಾಕಿದ್ದ ಬೋರ್ಡಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಮೀನು ಬಂದ ಸುದ್ದಿ ಅವರಿಗೆ ಹೇಗೋ ಮುಟ್ಟಿತು. ಮೆಟ್ಟಿಲು ಹತ್ತಿ ಬಂದರು.

"ಏನಜ್ಜಿ, ಮೀನು ತಂದಿದ್ದೀರಂತೆ?"

"ತಿನ್ಲಾಕ ಅಲ್ರಿ. ಮದುವಿ ಮಾಡ್ಲಾಕ ತಂದೀವಿ" ಎಂದೆ.

ಅವರು ತೊಟ್ಟಿ ನೋಡಿದರು. ಸಮಾಧಾನದ ಉಸಿರು ಬಿಟ್ಟರು. "ಮುದ್ದಾಗಿವೆ. ಎಲ್ಲಕ್ಕೂ ಮೀಸೆ ಇದೆಯಲ್ಲ, ಗಂಡು ಯಾವುದು ಹೆಣ್ಣು ಯಾವುದು?"

"ದುಂಡಗಿರೋದು ಹೆಣ್ಣಂತ್ರಿ. ಮೀಸಿ ನೋಡಿ ಹೇಳ್ಲಾಕ ಬರಾಂಗಿಲ್ಲ. ನನಗೂ ಈಗ ಸ್ವಲ್ಪ ಬಂದಾವಲ್ಲ."

ಆಂಟಿ ನಕ್ಕರು. ಎಲ್ಲ ಸರಿಹೋಯಿತು ಎಂದುಕೊಂಡೆ. ಆಗ ಅವರು, "ಏನು ತಿಂತಾವೆ ಇವು?" ಎಂದು ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ.

"ಹುಳ" ಎಂದೆ.

ಆಂಟಿ ಬೆರಳನ್ನು ಗಲ್ಲದ ಮೇಲಿಟ್ಟು ಯೋಚಿಸಿದರು. "ಅಂದರೆ ನೀವು ವೆಜ್ಜು. ನಿಮ್ಮ ಮೀನು ನಾನ್‌ವೆಜ್ಜು!"

ಬೋರ್ಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮನೆ ಉಳಿಸಿಕೊಳ್ಳಲು ನಾನು ಮರುದಿನವೇ ಸೌತೆಕಾಯಿ ತೆಳ್ಳಗೆ ಹೆಚ್ಚಿ ತೊಟ್ಟಿಗೆ ಹಾಕಿದೆ. ಮೊಮ್ಮಗಳು ಕಾಲೇಜಿನಿಂದ ಬಂದವಳೇ ತಲೆ ಹಿಡಿದುಕೊಂಡಳು. "ಅಜ್ಜಿ, ಹುಳ ತಿಂದು ಮೈಕೈ ತುಂಬ್ಕೊಂಡ್ರೇನೇ ಹಾರ್ಮೋನ್ ಏರೋದು. ಸೌತೆಕಾಯಿ ತಿಂದ್ಕೊಂಡು ಯಾರಾದ್ರೂ ಸಂಸಾರ ಮಾಡ್ತಾರಾ?"

"ನಿಮ್ಮಪ್ಪ ಮಾಡ್ಯಾನಲ್ಲ" ಎಂದೆ.

ಕೊನೆಗೆ ಅಳಿಯ ಕೆಳಗೆ ಹೋಗಿ ಆಂಟಿಯನ್ನು ಒಪ್ಪಿಸಿದ. ಅವರು ಸಮಾಧಾನವಾಗಿ ಮೇಲೆ ಬಂದು ಕಾಫಿ ಲೋಟ ಕೈಗೆತ್ತಿಕೊಂಡು, ಸುಮ್ಮನೆ ಮಾತಿಗೆ ಕೇಳಿದರು: "ಆ ಹುಳ ಎಲ್ಲಿಡ್ತೀರಿ?"

"ಫ್ರಿಜ್ಜಿನಾಗ, ಹಾಲಿನ ಬಾಜೂಕ."

ಅಂದಿನಿಂದ ಆಂಟಿ ನಮ್ಮ ಮನೆಯಲ್ಲಿ ಕಾಫಿ ಕುಡಿದಿಲ್ಲ.

ನಮ್ಮನೆಯ ಗುಡುಗು

ಹುಳ ತಿಂದು ಮೀನುಗಳು ದುಂಡಗಾದವು. ಆದರೆ ಮೊಟ್ಟೆಯಿಲ್ಲ. ಅವುಗಳ ಊರಿನಲ್ಲಿ ಮಳೆಗಾಲ ಶುರುವಾದಾಗ ತಣ್ಣೀರು ಹೊಳೆಗೆ ಬರುತ್ತದಂತೆ, ಅದೇ ಅವುಗಳಿಗೆ ಮುಹೂರ್ತವಂತೆ. ಹಾಗಾಗಿ ಮನೆಯೊಳಗೆ ಮಳೆ ತರಿಸುವುದೆಂದು ತೀರ್ಮಾನವಾಯಿತು. ಎಲ್ಲರೂ ಕೆಲಸಕ್ಕೆ ಹೋಗುವವರು. ಮಳೆರಾಯನ ಕೆಲಸ ನನ್ನ ಪಾಲಿಗೆ ಬಂತು.

ಜರಡಿ ಹಿಡಿದು, ಫ್ರಿಜ್ಜಿನ ನೀರು ಬೆರೆಸಿ, ಮಧ್ಯಾಹ್ನದ ಹೊತ್ತು ಮೆಲ್ಲಗೆ ಸುರಿಯುತ್ತಿದ್ದೆ. ಮೀನುಗಳೆಲ್ಲ ಒಂದು ಕಲ್ಲಿನ ಕೆಳಗೆ ಸೇರಿಕೊಂಡು, ಈ ಮುದುಕಿಗೆ ಏನಾಗಿದೆ ಎನ್ನುವಂತೆ ನೋಡುತ್ತಿದ್ದವು.

"ಬರೀ ನೀರು ಸಾಲದು, ವಾತಾವರಣ ಬೇಕು" ಎಂದು ಅಳಿಯ ಒಂದು ಶನಿವಾರ ಮೊಬೈಲಿನಲ್ಲಿ ಗುಡುಗಿನ ಶಬ್ದ ಹುಡುಕಿದ. ಹಬ್ಬಕ್ಕೆ ತಂದಿದ್ದ ದೊಡ್ಡ ಸ್ಪೀಕರಿಗೆ ಜೋಡಿಸಿದ. ನಾನು ಜರಡಿ ಹಿಡಿದೆ, ಮೊಮ್ಮಗಳು ಲೈಟು ಆರಿಸಿದಳು, ಅಳಿಯ ಗುಡುಗಿಸಿದ. ಕಿಟಕಿಯ ಗಾಜು ಗಡಗಡ ಎಂದಿತು.

ಮೀನು ಅಲುಗಾಡಲಿಲ್ಲ. ಆದರೆ ಮೆಟ್ಟಿಲ ಮೇಲೆ ದಡದಡ ಓಡುವ ಸದ್ದಾಯಿತು. ಬಾಗಿಲು ತೆಗೆದು ನೋಡಿದರೆ ಓನರ್ ಆಂಟಿ! ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾರಸಿಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯನ್ನು ಸೀರೆ ಸಮೇತ ಬಾಚಿಕೊಂಡು ಇಳಿಯುತ್ತಿದ್ದರು.

"ಬನ್ರೋ ಯಾರಾದ್ರೂ! ಇನ್ನೂ ಹಪ್ಪಳ ಮೇಲಿದೆ, ಮಳೆ ಬಂತು, ಮಳೆ ಬಂತು!"

ಅಳಿಯ ಬಾಯಿ ತೆರೆಯುವ ಮೊದಲೇ ಅವನ ತೋಳಿಗೆ ಸಂಡಿಗೆ ಗಂಟು ಬಿತ್ತು. ಅವರು ಮತ್ತೆ ತಾರಸಿಗೆ ಹೋಗಿ ಸುಡುಬಿಸಿಲಿನಲ್ಲಿ ನಿಂತು ಆಕಾಶ ನೋಡಿದರು. ಒಂದು ಚೂರು ಮೋಡವಿರಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯೊಳಗಿಂದ ಇನ್ನೊಂದು ಗುಡುಗು ಬಂತು.

ಅಷ್ಟು ಕಷ್ಟಪಟ್ಟು ಮಾಡಿದ ಮಳೆಯನ್ನು ನಂಬಿದ್ದು ಅವರೊಬ್ಬರೇ.

ಬಣ್ಣ ಏರಿದ್ದು, ಇಳಿದದ್ದು

ಮೊಮ್ಮಗಳು ಇನ್ನೊಂದು ಜಾತಿಯ ಮೀನಿನ ಸಂಗತಿ ಹೇಳಿದ್ದಳು. ಆ ಗುಂಪಿನಲ್ಲಿ ಯಜಮಾನ ಗಂಡಿಗೆ ಮಾತ್ರ ಝಗಝಗಿಸುವ ಬಣ್ಣ. ಉಳಿದ ಗಂಡುಗಳು ಮಣ್ಣಿನ ಬಣ್ಣದಲ್ಲಿ ಮೂಲೆ ಹಿಡಿದಿರುತ್ತವೆ. ಯಜಮಾನನನ್ನು ತೆಗೆದುಬಿಟ್ಟರೆ ಅದೇ ದಿನ ಅವುಗಳಲ್ಲೊಂದಕ್ಕೆ ಬಣ್ಣ ಏರುತ್ತದೆ. ಮೈಯ ರಸವೆಲ್ಲ ಉಕ್ಕಿ, ಎದೆ ಉಬ್ಬಿಸಿಕೊಂಡು ಓಡಾಡುತ್ತದಂತೆ.

ನಾನಿದನ್ನು ನಂಬಿರಲಿಲ್ಲ, ನಮ್ಮ ಪಾರ್ಕಿನ ಸಂಗತಿ ನೋಡುವವರೆಗೆ.

ಬೆಳಿಗ್ಗೆ ಪಾರ್ಕಿನಲ್ಲಿ ನಮ್ಮಂಥ ವಯಸ್ಸಾದವರು ಸೇರಿ ಕೈ ಎತ್ತಿ ಹೋ ಹೋ ಎಂದು ನಗುವ ಒಂದು ಸಂಘವಿದೆ. ಅದರ ಅಧ್ಯಕ್ಷರು ದೊಡ್ಡ ದನಿಯವರು. ಅವರು ನಕ್ಕ ಮೇಲೆಯೇ ಉಳಿದವರು ನಗಬೇಕು. ಉಪಾಧ್ಯಕ್ಷರು ಬೂದು ಸ್ವೆಟರ್ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಮೆತ್ತಗೆ ನಗುವವರು. ಅಧ್ಯಕ್ಷರು ಮಗಳ ಮನೆಗೆಂದು ವಸಂತಪುರಕ್ಕೆ ಹೋದರು. ಮರುದಿನ ಬೆಳಿಗ್ಗೆ ಉಪಾಧ್ಯಕ್ಷರು ಬಂದರು ನೋಡಿ! ಮೈಮೇಲೆ ಕೆಂಪು ಟೀ ಶರ್ಟು, ತಲೆ ಕಾಗೆಯಷ್ಟು ಕಪ್ಪು. ಹೆಂಗಸರ ಸಾಲಿನ ಮುಂದೆ ಎರಡು ಸುತ್ತು ಹೆಚ್ಚಿಗೆ ನಡೆದರು. ಅವರ ನಗುವಿಗೆ ಪಾರಿವಾಳ ಹಾರಿದವು.

ಹದಿನೈದು ದಿನ ಹೀಗೇ ನಡೆಯಿತು. ಆಮೇಲೊಂದು ಬೆಳಿಗ್ಗೆ ಅಧ್ಯಕ್ಷರು ಹೇಳದೆ ಕೇಳದೆ ವಾಪಸ್ಸು ಬಂದು ಮುಂದೆ ನಿಂತಿದ್ದರು. ಉಪಾಧ್ಯಕ್ಷರು ಗೇಟಿನಲ್ಲೇ ನೋಡಿದರು. ಹಾಗೇ ತಿರುಗಿ ಮನೆಗೆ ಹೋದವರು ಬೂದು ಸ್ವೆಟರ್ ಹಾಕಿಕೊಂಡು ಬಂದರು. ಟೀ ಶರ್ಟೇನೋ ಬಿಚ್ಚಬಹುದು, ಹಚ್ಚಿದ ಕೂದಲ ಬಣ್ಣ ಇಳಿಸುವುದು ಹೇಗೆ? ಅದಕ್ಕೆ ಬಿರುಬೇಸಿಗೆಯಲ್ಲಿ ಮಂಕಿ ಕ್ಯಾಪು!

ಏನಾದರೂ ವಿಶೇಷ?

ಶ್ರಾವಣ ಮುಗಿಯಿತು, ಗಣಪತಿ ಬಂದು ಹೋದ. ತೊಟ್ಟಿಯಲ್ಲಿ ಏನೂ ಇಲ್ಲ. ಮೊಮ್ಮಗಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಟಾರ್ಚು ಹಿಡಿದು ಗಾಜಿಗೆ ಮೂಗು ಒತ್ತಿ ಕೂರುತ್ತಿದ್ದಳು. ಅದನ್ನು ನೋಡಲಾರದೆ ನಾನೊಂದು ಬೆಳಿಗ್ಗೆ ಪಾರ್ಕಿನಲ್ಲಿ ಪಕ್ಕದ ಬೆಂಚಿನ ಬನಶಂಕರಿಯ ಹೆಂಗಸಿನ ಹತ್ತಿರ ಮನಸ್ಸು ಬಿಚ್ಚಿದೆ.

"ನಮ್ಮ ಮೊಮ್ಮಗಳದ್ದೇ ಚಿಂತಿ ಆಗ್ಯಾದ್ರಿ."

"ಯಾಕೆ, ಏನಾದ್ರೂ ವಿಶೇಷ?" ಎಂದು ಅವರು ಕಣ್ಣರಳಿಸಿದರು.

"ವಿಶೇಷ ಇಲ್ಲಂತನೇ ಚಿಂತಿ. ಎಂಟು ತಿಂಗಳಾತು. ಮಾಡಬಾರದ್ದೆಲ್ಲ ಮಾಡಿ ನೋಡಿದ್ವಿ. ಒಂದ್ ಮೊಟ್ಟಿನೂ ಇಲ್ಲ."

ಅವರು ನನ್ನ ಕೈ ಹಿಡಿದುಕೊಂಡರು. "ಈಗಿನ ಕಾಲದಲ್ಲಿ ಅದೊಂದು ದೊಡ್ಡ ವಿಷಯವಲ್ಲ ಬಿಡಿ. ಮೊಟ್ಟೆ ಇಲ್ಲ ಅಂತ ಸ್ಕ್ಯಾನಿಂಗಲ್ಲಿ ಗೊತ್ತಾಯ್ತಾ?"

"ಟಾರ್ಚ್ ಬಿಟ್ಟು ನೋಡ್ತಾಳ್ರಿ ದಿನಾ."

ಅವರು ಸ್ವಲ್ಪ ಬೆಚ್ಚಿದಂತೆ ಕಂಡಿತು. "ಗಂಡಿನ ಕಡೆ ಏನೂ ತೊಂದರೆ ಇಲ್ವಾ?"

"ಇಲ್ರಿ. ಒಂದು ಹೆಣ್ಣಿಗೆ ಎರಡೆರಡು ಗಂಡು ಇಟ್ಟಾಳ."

ಅವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ನಾನು ಮೀನಿನ ಮಾತಾಡುತ್ತಿದ್ದೇನೆ ಎಂದು ಹೇಳುವುದನ್ನೇ ಮರೆತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅವರು ಒಳ್ಳೆಯ ಮನಸ್ಸಿನವರು. ಸಂಜೆಯೇ ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡು, ಅರಿಸಿನದ ದಾರ, ತೆಂಗಿನಕಾಯಿ ಹಿಡಿದು ಮನೆಗೆ ಬಂದರು. ಮೊಮ್ಮಗಳು ಜೀನ್ಸ್ ಪ್ಯಾಂಟಿನಲ್ಲಿ ಬಾಗಿಲು ತೆಗೆದಳು.

"ನೀನೇನಮ್ಮಾ? ಹೆದರಬೇಡ, ಎಲ್ಲ ಸರಿಹೋಗುತ್ತೆ. ಎಲ್ಲಿ ನಿಮ್ಮೆಜಮಾನ್ರು?"

"ನನಗಿನ್ನೂ ಮದುವೆ ಆಗಿಲ್ಲ ಆಂಟಿ."

ತೆಂಗಿನಕಾಯಿ ಕೆಳಗೆ ಬಿತ್ತು. "ಶಿವ ಶಿವಾ! ಮದುವೆ ಇಲ್ಲದೇನಾ ಇಷ್ಟೆಲ್ಲಾ?"

ನಾನು ಒಳಗಿನಿಂದ ಓಡಿಬಂದು, ಅವರನ್ನು ತೊಟ್ಟಿಯ ಮುಂದೆ ಕೂರಿಸಿ, ಮೊದಲಿಂದ ಬಿಡಿಸಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಸಂಘದಲ್ಲಿ ಯಾರೂ ಯಾವತ್ತೂ ಹಾಗೆ ನಕ್ಕಿಲ್ಲ. ಕಣ್ಣೊರೆಸಿಕೊಂಡು ದಾರ ಬಿಚ್ಚಿ, ಬಹಳ ಹೊತ್ತು ನೀರಿನೊಳಗೆ ನೋಡಿದರು.

"ಅದೆಲ್ಲ ಸರಿ. ಇದನ್ನ ಈಗ ಕಟ್ಟೋದು ಎಲ್ಲಿಗೆ?"

ಸಾರ್ ಬಂದರು

ದೀಪಾವಳಿಗೆ ವಾರವಿರುವಾಗ ಕತ್ರಿಗುಪ್ಪೆಯಲ್ಲಿ ಅಳಿಯನ ಕಡೆಯವರ ಮದುವೆ. ಮೊಮ್ಮಗಳು ತೊಟ್ಟಿ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಳು. "ನೀ ಕುಂತು ನೋಡಿದ್ರ ಅವು ಇಡ್ತಾವೇನು? ನಡಿ" ಎಂದು ಮಗಳು ಗದರಿಸಿ ಸೀರೆ ಉಡಿಸಿದಳು. ಬೆಳಿಗ್ಗೆ ಮೀನಿಗೆ ಹೊಟ್ಟೆ ತುಂಬ ಹಾಕಿ, ಪರದೆ ಎಳೆದು, ಬಾಗಿಲಿಗೆ ಬೀಗ ಹಾಕಿ ನಾಲ್ವರೂ ಹೊರಟೆವು.

ಊಟದ ಹೊತ್ತಿಗೆ ಮಳೆ ಶುರುವಾಯಿತು. ಜರಡಿಯ ಮಳೆಯಲ್ಲ, ನಿಜವಾದದ್ದು. ರಸ್ತೆಯಲ್ಲಿ ಮೊಣಕಾಲುದ್ದ ನೀರು. ಛತ್ರದಲ್ಲೇ ಸಂಜೆಯವರೆಗೆ ಸಿಕ್ಕಿಬಿದ್ದೆವು. ಮನೆಗೆ ಬಂದರೆ ಕರೆಂಟಿಲ್ಲ. ಮೊಮ್ಮಗಳು ಸೀರೆ ಎತ್ತಿಕೊಂಡು ಮೊಬೈಲಿನ ಬೆಳಕಿನಲ್ಲಿ ನೆಟ್ಟಗೆ ತೊಟ್ಟಿಯ ಹತ್ತಿರ ಹೋದಳು. ಒಂದು ಚೀರು ಚೀರಿದಳು. ಮೀನು ಸತ್ತವು ಎಂದುಕೊಂಡೆ.

"ಅಜ್ಜೀ! ಮೊಟ್ಟೆ!"

ಗಾಜಿನ ತುಂಬ ಸಾಸಿವೆ ಗಾತ್ರದ ಸಾಬಕ್ಕಿ ಅಂಟಿಸಿದ ಹಾಗಿತ್ತು. ಹುಡುಗಿ ನನ್ನನ್ನು ಅಪ್ಪಿಕೊಂಡು ಅತ್ತಳು. ಅಳಿಯ ಗುಡುಗಿನ ಸ್ಪೀಕರಿನಲ್ಲಿ ನಾದಸ್ವರ ಹಾಕಲು ಹೋದ, ಕರೆಂಟಿಲ್ಲ ಎಂದು ನೆನಪಾಗಿ ಬಾಯಲ್ಲೇ ಊದಿದ.

ಮರುದಿನ ಗೈಡ್ ಸಾರ್ ಬಂದರು. ತೆಳ್ಳಗಿನ, ಗಂಭೀರ ಮನುಷ್ಯ. ಕನ್ನಡಕ ಏರಿಸಿ ಇಳಿಸಿ ನೋಡಿದರು. "ಗುಡ್. ವಿಷಯ ಬದಲಾಯಿಸೋದು ಬೇಡ" ಎಂದರು. ಮೊಮ್ಮಗಳ ಮುಖ ನೋಡಬೇಕಿತ್ತು. ಆದರೆ ಸಾರ್ ಅಷ್ಟಕ್ಕೇ ಬಿಡಲಿಲ್ಲ. "ಮೊಟ್ಟೆ ಇಟ್ಟಿದ್ದು ಮುಖ್ಯವಲ್ಲ. ನಿನ್ನೆ ಮಾತ್ರ ಯಾಕೆ ಇಟ್ಟವು? ಏನು ಬದಲಾಯಿತು? ಅದನ್ನ ಬರಿ."

"ಮಳೆ ಬಂದು ಗಾಳಿಯ ಒತ್ತಡ ಇಳೀತು ಸಾರ್" ಎಂದಳು ಮೊಮ್ಮಗಳು.

"ಕರೆಂಟ್ ಹೋಗಿ ಹೀಟರ್ ಆಫ್ ಆಯ್ತು, ನೀರು ತಣ್ಣಗಾಯ್ತು ಸಾರ್" ಎಂದ ಅಳಿಯ.

"ನಾನು ಡಬಲ್ ಹುಳ ಹಾಕಿದ್ದೆ ಸಾರ್" ಎಂದಳು ಕಾಫಿ ತಂದ ಮಗಳು.

ಸಾರ್ ಒಂದೊಂದಕ್ಕೂ ತಲೆಯಾಡಿಸಿದರು. ಆಮೇಲೆ ಸೌಜನ್ಯಕ್ಕೆಂದು ನನ್ನ ಕಡೆ ತಿರುಗಿದರು. "ಅಜ್ಜಿ, ನಿಮಗೇನನ್ಸುತ್ತೆ?"

ಕೇಳಬಾರದಿತ್ತು. ಕೇಳಿದರು.

"ನೋಡ್ರಿ ಸಾಹೇಬ್ರ, ಈ ಬಾಜು ನನ್ನ ಮಂಚ, ಆ ಬಾಜು ಟೀವಿ. ಎದುರಿಗಿ ಕಣ್ ಬಿಟ್ಕೊಂಡು ನಮ್ಮ ನಾಲ್ಕು ಮಂದಿ ಮಾರಿ. ಅವು ಒಂದೀಟು ಹತ್ತಿರ ಬಂದ್ವು ಅಂದ್ರ ನಿಮ್ಮ ಶಿಷ್ಯಾಳು ಟಾರ್ಚ್ ಬಿಡ್ತಾಳ. ಯಾರಿಗಿ ಮನಸ್ ಬರ್ತದ ಹೇಳ್ರಿ? ನಿನ್ನಿ ಮನ್ಯಾಗ ಯಾರೂ ಇದ್ದಿಲ್ಲ. ಅಷ್ಟೇ."

"ಅದೂ ಹೌದು. ಒತ್ತಡದಲ್ಲಿ ಹಾರ್ಮೋನ್ ಕೆಲಸ ಮಾಡಲ್ಲ. ಆದರೆ ಅದಕ್ಕೆ ಆಧಾರ ಬೇಕಲ್ಲ ಅಜ್ಜಿ?"

"ಆಧಾರ ಅದ. ನಾ ಸೊಸಿಯಾಗಿ ಹೋದ ಮನ್ಯಾಗ ಇದ್ದಿದ್ದು ಎರಡೇ ಖೋಲಿ. ಒಂದ್ರಾಗ ಜೋಳದ ಚೀಲ, ಇನ್ನೊಂದ್ರಾಗ ನಮ್ಮತ್ತಿ. ಉಳಿದ ಮಂದೆಲ್ಲ ಪಡಸಾಲ್ಯಾಗ ಸಾಲಾಗಿ ಮಲಗೋದು. ಮದುವ್ಯಾಗಿ ಎರಡು ವರ್ಷ ಏನೂ ಇಲ್ಲ. ಆಮ್ಯಾಲ ಬೀದರ ಕಡೆ ಒಂದು ಮದುವಿ ಬಂತು. ಎಲ್ರೂ ಬಂಡಿ ಕಟ್ಟಿಕೊಂಡು ಹೋದ್ರು. ಎಮ್ಮಿ ಈಯೋದಿತ್ತು ನೋಡ್ರಿ, ನೋಡಿಕೊಳ್ಳಾಕ ನಮ್ಮಿಬ್ಬರನ್ನ ಬಿಟ್ಟು ಹೋದ್ರು. ಎಮ್ಮಿ ಮರುದಿನ ಕರು ಹಾಕ್ತು. ನಾ ಒಂಬತ್ತು ತಿಂಗಳಿಗೆ ಈಕೀನ ಹಡದೆ."

ಕಾಫಿ ಹಿಡಿದು ನಿಂತಿದ್ದ ಮಗಳು "ಅವ್ವಾ!" ಎಂದಳು. ಅಳಿಯ ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದ.

ಸಾರ್ ಕೆಮ್ಮಿದರು. ಮೇಷ್ಟರಲ್ಲವೇ, ಸೋಲುವ ಜಾತಿಯಲ್ಲ. "ಅಜ್ಜಿ, ಒಂದು ಸಲ ಆದ್ರೆ ಅದು ಆಕಸ್ಮಿಕ ಅಂತೀವಿ. ವಿಜ್ಞಾನದಲ್ಲಿ ಮತ್ತೆ ಮತ್ತೆ ಮಾಡಿದ್ರೂ ಅದೇ ಫಲ ಬರಬೇಕು."

"ಬಂತಲ್ರಿ! ಮುಂದಿನ ವರ್ಷ ಹುಮನಾಬಾದಿನಾಗ ಒಂದು ಮದುವಿ, ದೊಡ್ಡ ಮಗ. ಅದರ ಆಚಿ ವರ್ಷ ಆಳಂದದಾಗ ಇನ್ನೊಂದು, ಸಣ್ಣ ಮಗ."

ಸಾರ್ ಕನ್ನಡಕ ತೆಗೆದರು. ನಾನು ಮುಂದುವರಿಸಿದೆ.

"ನಾಕನೇ ಮದುವಿ ಬಂತು. ಅಷ್ಟೊತ್ತಿಗಿ ನಮ್ಮತ್ತಿಗಿ ಲೆಕ್ಕ ತಿಳಿದಿತ್ತು. ಎಮ್ಮಿ ನೋಡಿಕೊಳ್ಳಾಕ ನನ್ನೊಬ್ಬಾಕಿನ್ನೇ ಬಿಟ್ಟು, ನನ್ನ ಗಂಡನ್ನ ಬಂಡ್ಯಾಗ ಕೂಡಿಸಿಕೊಂಡು ಹೋದ್ರು. ಆ ವರ್ಷ ಏನೂ ಆಗಲಿಲ್ರಿ."

ಗಂಭೀರವಾಗಿದ್ದ ಸಾರ್ ಕುರ್ಚಿಯಿಂದ ಎದ್ದೇಬಿಟ್ಟರು. "ಹೋಲಿಸಿ ನೋಡೋಕೆ ಕಂಟ್ರೋಲ್ ಪ್ರಯೋಗ ಕೂಡ ಇದೆ!" ಎಂದು ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೊಮ್ಮಗಳು ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

"ಹಂಗ ಕುಂತ್ರ ಹೆಂಗವಾ?" ಎಂದೆ. "ಸಾಹೇಬ್ರು ಒಪ್ಯಾರ. ತಗೋ ಪೆನ್ನು, ಬರಕೋ. ಎಮ್ಮಿಯಿಂದ ಶುರು ಮಾಡು."